ಬೇವಿನ ಬೇರು ಮತ್ತು ಪರ್ಸಿಯ ಅಂಚು

ಹೂವಿನ ಮಡಿಗೆ ಕಲ್ಲಿನ ಅಂಚು ಕೂರಿಸುವುದೆಂದರೆ ಯಾರಿಗಾದರೂ ಮೆತ್ತನೆಯ ಕೆಲಸ ಅನಿಸುತ್ತದೆ. ರಜೆಯ ದಿನ ಮನೆಮಂದಿ ಹರಟುತ್ತ ಮಾಡಿ ಮುಗಿಸುವಂಥದ್ದು. ಆ ಕೆಲಸದಲ್ಲಿ ಒಂದು ಮನೆಯಲ್ಲಿ ಜೀವ ಹೋದದ್ದನ್ನು ನಾನು ನೋಡಿದ್ದೇನೆ. ಇನ್ನೊಂದು ಮನೆಯಲ್ಲಿ ರಕ್ತ ಹರಿದದ್ದನ್ನೂ ನೋಡಿದ್ದೇನೆ. ಅದರಲ್ಲಿ ನನ್ನದೂ ಸ್ವಲ್ಪ ಇತ್ತು.

ನಾನು ಮದುವೆಯಾಗಿ ಬಂದ ಮನೆ ಶಹಾಬಾದಿನಲ್ಲಿದೆ. ಅಂಗಳದಲ್ಲಿ ಒಂದು ದೊಡ್ಡ ಬೇವಿನ ಮರ. ನಮ್ಮ ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಲೇ ಅದರ ನೆರಳಲ್ಲಿ ಹತ್ತಾರು ಮಂದಿ ಉಣ್ಣಲು ಕೂರುತ್ತಿದ್ದರಂತೆ. ಆಗ ಮನೆಯಲ್ಲಿ ಅತ್ತೆ, ನನ್ನ ಗಂಡನ ಅಣ್ಣ ಅಂದರೆ ನನ್ನ ಭಾವ, ಅವರ ಹೆಂಡತಿ, ಮಗಳು, ನಾವಿಬ್ಬರು ಇದ್ದೆವು. ಭಾವ ಪರ್ಸಿ ಖಣಿಯಲ್ಲಿ ಕೆಲಸ ಮಾಡಿಸುವವರು. ಊರಿನ ಹೆಸರಲ್ಲೇ ಊರೂರಿಗೆ ಹೋಗುವ ನೆಲಹಾಸಿನ ಕಲ್ಲನ್ನು ನಾವು ಪರ್ಸಿ ಅನ್ನುತ್ತೇವೆ. ದಿನವಿಡೀ ಸುತ್ತಿಗೆ, ಯಂತ್ರ, ಮದ್ದಿನ ಸದ್ದಿನ ನಡುವೆ ಇದ್ದು ಅವರ ದನಿ ದೊಡ್ಡದಾಗಿತ್ತು, ಕೈಯೂ ಬೇಗ ಏಳುತ್ತಿತ್ತು. ನನ್ನ ಗಂಡ ವಾಡಿಯಲ್ಲಿ ಲಾರಿ ಎಂಜಿನ್ ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಅಣ್ಣನೆದುರು ಅವರು ದನಿ ಎತ್ತಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಭಾವನ ಮಗಳಿಗೆ ಚಿಂಚೋಳಿಯಿಂದ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ಮನೆ ನೋಡಲು ಬರುತ್ತಾರೆ ಎಂದಾಗ ಭಾವನಿಗೆ ಅಂಗಳದ ಚಿಂತೆ ಹತ್ತಿತು. ಕಲಬುರಗಿ ರಸ್ತೆಯ ಯಾವುದೋ ಮಂಗಲ ಕಾರ್ಯಾಲಯದಲ್ಲಿ ಮರದ ಬುಡಕ್ಕೆ ದುಂಡಗೆ ಕಲ್ಲು ನಿಲ್ಲಿಸಿ, ಮಣ್ಣು ತುಂಬಿ, ಗುಲಾಬಿ ಹಚ್ಚಿದ್ದನ್ನು ಅವರು ನೋಡಿ ಬಂದಿದ್ದರು. ನಮ್ಮ ಬೇವಿಗೂ ಹಾಗೆಯೇ ಆಗಬೇಕು. ಒಂದು ಸಂಜೆ ಪಾಲಿಶ್ ಮಾಡಿದ ಪರ್ಸಿಗಳು ಟೆಂಪೋದಲ್ಲಿ ಬಂದು ಗೋಡೆಗೆ ಒರಗಿ ನಿಂತವು. ಭಾವ ಸುಣ್ಣದ ಪುಡಿ ಹಿಡಿದು ಮರದ ಸುತ್ತ ಗೆರೆ ಎಳೆದರು. ಗೆರೆ ಬೊಡ್ಡೆಯಿಂದ ಒಂದು ಮಾರು ದೂರವೂ ಇರಲಿಲ್ಲ.

"ತಗ್ಗು ಎಷ್ಟು ಆಳ ತೋಡ್ತೀರಿ ಭಾವಾ?" ಎಂದು ಕೇಳಿದೆ.

"ಮೊಣಕಾಲು ತನಾ. ಇಲ್ಲಂದ್ರ ಕಲ್ಲು ನಿಲ್ಲಂಗಿಲ್ಲ."

"ಇಷ್ಟು ಬುಡಕ್ಕ ಹತ್ತಿ ತೋಡಿದ್ರ ಬೇರೆಲ್ಲ ಕಡಿತಾವ್ರಿ."

"ಕಡದ್ರ ಕಡೀಲಿ. ಮತ್ತ ಹೊಸಾವು ಒಡೀತಾವ. ಗಿಡ ಅದ ಅದು, ಮನಷ್ಯಾ ಅಲ್ಲ."

"ದಪ್ಪ ಬೇರು ಹೋದ್ರ ಹೋತ್ರಿ. ಅದು ಮತ್ತ ಬರಂಗಿಲ್ಲ. ನಮ್ಮ ತವರಾಗ ನಾ ನೋಡೀನಿ."

"ನಿಮ್ಮ ತವರಿಂದು ನಿಮ್ಮ ತವರಾಗ ಇಟ್ಕೋ," ಅಂದರು. "ಒಳಗ ಹೋಗು."

ನಾನು ಒಳಗೆ ಹೋದೆ. ರೊಟ್ಟಿಯ ಹಿಟ್ಟು ಕಲಸುತ್ತ ಕೂತೆ. ತವರಿನಲ್ಲಿ ಏನಾಗಿತ್ತೆಂದು ಈ ಮನೆಯಲ್ಲಿ ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಗಾಳಿಗೆ ಮರ ಬಿದ್ದು ನಮ್ಮ ಕಾಕಿ, ಅಂದರೆ ಚಿಕ್ಕಮ್ಮ, ತೀರಿಕೊಂಡರು ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು.

ನನ್ನ ತವರು ಸೇಡಂ. ಊರು ದಾಟಿ ಕುರಕುಂಟಾ ರಸ್ತೆಯಲ್ಲಿ ನಮ್ಮ ಮನೆ. ಅಪ್ಪ, ಅವ್ವ, ಅಪ್ಪನ ತಮ್ಮ ಅಂದರೆ ಕಾಕಾ, ಕಾಕಿ, ನಾನು. ಅಲ್ಲಿಯೂ ರಸ್ತೆಗೂ ಅಡುಗೆಯ ತಗಡಿನ ಶೆಡ್ಡಿಗೂ ನಡುವೆ ಒಂದು ಹಳೆಯ ಬೇವು. ಅಪ್ಪನಿಗೆ ಎಲ್ಲವೂ ನೇರ ಗೆರೆಯಲ್ಲಿರಬೇಕು. ಬಟ್ಟೆ ಒಣಹಾಕುವ ಹಗ್ಗ ಜೋತರೂ ಅವರಿಗೆ ಸಿಟ್ಟು ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಅವರು ರಸ್ತೆಯ ಬದಿಗೆ, ಮರಕ್ಕೆ ಅಂಟಿದಂತೆ, ಉದ್ದಕ್ಕೆ ಹೂವಿನ ಮಡಿ ಮಾಡಿ ಅದಕ್ಕೆ ಕಲ್ಲಿನ ಅಂಚು ಕಟ್ಟಿದರು. ಅಡ್ಡ ಬಂದ ಬೇರನ್ನೆಲ್ಲ ಕೊಡಲಿಯಿಂದ ಕಡಿದರು. ತೊಡೆ ದಪ್ಪದ್ದೂ ಇದ್ದವು. ಕಾಕಾ ಆಗಲೇ, "ಅಣ್ಣಾ, ಒಂದ್ ಬಾಜೂ ಪೂರಾ ಖಾಲಿ ಮಾಡ್ಲಿಕತ್ತೀದಿ" ಎಂದಿದ್ದರು. ಅಪ್ಪ ದಾರ ಹಿಡಿದು ನೇರ ನೋಡುತ್ತಿದ್ದರು, ತಲೆ ಎತ್ತಲಿಲ್ಲ.

ಮರಕ್ಕೆ ಏನೂ ಆಗಲಿಲ್ಲ ಎಂದೇ ನಾವು ತಿಳಿದೆವು. ಆ ಮಳೆಗಾಲ ಕಳೆಯಿತು, ಮರುವರ್ಷದ್ದೂ ಕಳೆಯಿತು. ಎಲೆ ಹಸಿರಾಗಿಯೇ ಇತ್ತು. ತುದಿಯ ಕೊಂಬೆಗಳು ಮಾತ್ರ ಸ್ವಲ್ಪ ತೆಳ್ಳಗಾಗಿದ್ದವು. ಅಂಚಿನ ಕಲ್ಲಿನ ಸಂದಿಯಲ್ಲಿ ಬಿಳಿ ಅಣಬೆ ಎದ್ದಿದ್ದವು. ಅವ್ವ ಅವನ್ನು ಕಿತ್ತು ಒಗೆದಳು.

ನಾನು ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಮೇ ತಿಂಗಳ ಒಂದು ಮಧ್ಯಾಹ್ನ ಪಡುವಣದಿಂದ ಕೆಂಪು ಧೂಳು ಎದ್ದು ಬಂತು. ನಾನು ಪಡಸಾಲೆಯ ಕಿಟಕಿ ಹಾಕುತ್ತಿದ್ದೆ. ಕಾಕಿ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದರು; ಆ ಗಾಳಿಯಲ್ಲೂ ಬಡಿತದ ಸದ್ದು ಕೇಳುತ್ತಿತ್ತು. ಮರ ಒಮ್ಮೆ ಶೆಡ್ಡಿನ ಕಡೆ ವಾಲಿ ಮರಳಿ ನೆಟ್ಟಗಾಯಿತು. ಎರಡನೆಯ ಸಲ ವಾಲಿದ್ದು ಮರಳಲಿಲ್ಲ. ರಸ್ತೆಯ ಬದಿಯ ನೆಲ ಉಸಿರು ತೆಗೆದುಕೊಂಡ ಹಾಗೆ ಉಬ್ಬಿತು. ಅಪ್ಪ ದಾರ ಹಿಡಿದು ಕೂರಿಸಿದ ಕಲ್ಲುಗಳು ಒಂದೊಂದಾಗಿ ಮೇಲಕ್ಕೆ ಚಿಮ್ಮಿ ರಸ್ತೆಗೆ ಬಿದ್ದವು. ಆಮೇಲೆ ಇಡೀ ಮರ ಶೆಡ್ಡಿನ ಮೇಲೆ ಹೋಯಿತು. ತಗಡು ಕಾಗದದಂತೆ ಮಡಚಿಕೊಂಡ ಸದ್ದು ಕೇಳಿತು, ರೊಟ್ಟಿಯ ಸದ್ದು ನಿಂತಿತು.

ಒಲೆಯ ಬೆಂಕಿ ಕೊಂಬೆಗಳಿಗೆ ಹಿಡಿದು ಹೊಗೆ ಏಳುತ್ತಿತ್ತು. ಅಪ್ಪ ಕೊಡಲಿ ಹಿಡಿದು ಕುರುಡರ ಹಾಗೆ ಕಡಿದರು. ಏಟು ತಪ್ಪಿ ಅವರದೇ ಮುಂಗಾಲಿಗೆ ಬಿತ್ತು, ಎಲುಬು ಕಂಡಿತು. ಅವರಿಗೆ ಗೊತ್ತೇ ಆಗಲಿಲ್ಲ. ಅವ್ವ ಕೊಡಗಟ್ಟಲೆ ನೀರು ಸುರಿದಳು. ನಾನು ತಗಡು ಎಳೆದೆ, ಅಂಗೈ ಕೊಯ್ದುಕೊಂಡಿತು. ಮೊದಲು ಸಿಕ್ಕಿದ್ದು ಕಾಕಿಯ ಬಲಗೈ. ಬೆರಳುಗಳಿಗೆ ಜೋಳದ ಹಿಟ್ಟು ಹತ್ತಿತ್ತು, ಇನ್ನೂ ಹಸಿ ಇತ್ತು. ಅವರನ್ನು ಹೊರಗೆ ತೆಗೆದಾಗ ಮುಖಕ್ಕೆ ಏನೂ ಆಗಿರಲಿಲ್ಲ. ಎದೆ ಮಾತ್ರ ಇರಲೇ ಇಲ್ಲ.

ಕಾಕಾ ಆಡಕಿ ಹಳ್ಳಿಗೆ ಬಿತ್ತನೆ ಬೀಜದ ಕೆಲಸಕ್ಕೆ ಹೋಗಿದ್ದವರು ಬಂದರು. ಕಾಕಿಯ ಪಕ್ಕ ಕೂತು ಅವರ ಕೈಯ ಹಿಟ್ಟನ್ನು ತಮ್ಮ ಅಂಗಿಗೆ ಒರೆಸಿದರು. ಆಮೇಲೆ ಎದ್ದು, ಅಂಚಿನದೇ ಒಂದು ಕಲ್ಲು ಎತ್ತಿ ಅಪ್ಪನ ಕಿವಿಯ ಮೇಲೆ ಬೀಸಿದರು. ಅಪ್ಪ ಕೆಳಗೆ ಬಿದ್ದರು. ಕಾಕಾ ಎದೆಯ ಮೇಲೆ ಕೂತು ಮತ್ತೆ ಕಲ್ಲೆತ್ತಿದರು. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. "ಹೊಡಿ," ಅಂದರು. ರಸ್ತೆಯಲ್ಲಿ ಹೋಗುತ್ತಿದ್ದ ಮಂದಿ ಓಡಿಬಂದು ಕಾಕಾನನ್ನು ಎಳೆದರು. ಅಪ್ಪನ ಆ ಕಿವಿ ಮತ್ತೆ ಕೇಳಲಿಲ್ಲ. ಕಾಕಾ ಕಾಕಿಯ ತವರಿನ ಕಡೆ, ಚಂದ್ರಂಪಳ್ಳಿಯ ಹತ್ತಿರ ಹೋಗಿ ನೆಲೆಸಿದರು. ಅಣ್ಣತಮ್ಮಂದಿರು ಇಂದಿಗೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಮರವನ್ನು ತುಂಡು ಮಾಡಿ ಸಾಗಿಸುವವರೆಗೂ ಅದರ ಬುಡ ಗೋಡೆಯಂತೆ ಎದ್ದು ನಿಂತಿತ್ತು. ನಾನು ದಿನಾ ಅದನ್ನು ನೋಡುತ್ತಿದ್ದೆ. ಶೆಡ್ಡಿನ ಬದಿಯಲ್ಲಿ ಉದ್ದುದ್ದ ಬೇರುಗಳು ಮುರಿದು ಬೆಳ್ಳಗೆ ಕಾಣುತ್ತಿದ್ದವು. ರಸ್ತೆಯ ಬದಿಯಲ್ಲಿ ಕರ್ರಗಿನ ಮೊಂಡು ತುದಿಗಳಷ್ಟೇ. ಬೆರಳಿಟ್ಟರೆ ಒಳಗೆ ಹೋಗುವಷ್ಟು ಕೊಳೆತಿದ್ದವು. ಎಲ್ಲ ಒಂದೇ ನೇರದಲ್ಲಿ. ಗಾಳಿ ಬರುವ ಬದಿಯಲ್ಲಿ ಮರ ನೆಲವನ್ನು ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಬೇರಿನ ಬಗ್ಗೆ ನಾನು ಕಲಿತದ್ದು ಅಲ್ಲಿ.

ಶಹಾಬಾದಿಗೆ ಮರಳುತ್ತೇನೆ. ಸುಣ್ಣದ ಗೆರೆ ಎಳೆದ ಮರುದಿನ ಬೆಳಿಗ್ಗೆ ನಾನು ಪಾತ್ರೆ ತಿಕ್ಕುತ್ತಿದ್ದೆ. ಹಾರೆ ನೆಲಕ್ಕೆ ಬೀಳುವ ಸದ್ದು ಬರುತ್ತಿತ್ತು. ನಡುವೆ ಸದ್ದು ಬದಲಾಯಿತು, ಹಸಿ ಕಟ್ಟಿಗೆಗೆ ಕೊಡಲಿ ಬಿದ್ದ ಸದ್ದು. ಹೊರಗೆ ಓಡಿದೆ. ಭಾವ ಗೆರೆಯ ಪಡುವಣ ಬದಿಗೆ ತಗ್ಗು ತೋಡಿದ್ದರು. ಅದರಲ್ಲಿ ಒಂದು ಬೇರು ಆಗಲೇ ತುಂಡಾಗಿತ್ತು, ಅದರ ಪಕ್ಕದ್ದು ನನ್ನ ತೊಡೆಗಿಂತ ದಪ್ಪ. ಅದಕ್ಕೆ ಒಂದು ಏಟು ಬಿದ್ದು ಕೆಂಪು ಸಿಪ್ಪೆಯೊಳಗಿನ ಬಿಳಿ ಕಾಣುತ್ತಿತ್ತು. ನಾನು ತಗ್ಗಿನಲ್ಲಿ ಇಳಿದು ಆ ಬೇರಿನ ಮೇಲೆ ಕೂತುಬಿಟ್ಟೆ.

"ಏಳ್ತೀ ಏನ್ ಇಲ್ಲ?" ಅಂದರು ಭಾವ. ಕೊಡಲಿ ಇನ್ನೂ ಮೇಲೇ ಇತ್ತು.

"ಏಳಂಗಿಲ್ರಿ."

"ಹೆಣ್ಣಮಗಳು ಅಂತ ನೋಡಂಗಿಲ್ಲ ನಾ."

"ನೋಡಬ್ಯಾಡ್ರಿ."

ಅವರು ಕೊಡಲಿ ಒಗೆದು ನನ್ನ ರಟ್ಟೆ ಹಿಡಿದು ಎಳೆದರು. ನಾನು ಇನ್ನೊಂದು ಕೈಯಲ್ಲಿ ಬೇರನ್ನು ತಬ್ಬಿದೆ. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ಎಳೆದಷ್ಟೂ ನಾನು ಬಿಡದೆ ಇದ್ದಾಗ ಅವರು ಹೊಡೆದರು. ಖಣಿಯ ಕೈ ಅದು. ತುಟಿ ಹಲ್ಲಿಗೆ ಸಿಕ್ಕು ಸೀಳಿತು, ಬಾಯಿ ತುಂಬ ಉಪ್ಪಾಯಿತು. ನೋವಿಗಿಂತ ಮೊದಲು ನನಗೆ ಒಂಥರಾ ಸಮಾಧಾನ ಬಂದದ್ದು ನೆನಪಿದೆ. ಕೊಡಲಿ ಈಗ ಅವರ ಕೈಯಲ್ಲಿಲ್ಲ ಎಂದುಕೊಂಡೆ.

ನನ್ನ ಗಂಡ ಬಚ್ಚಲಿನಿಂದ ಮೈಗೆ ಸಾಬೂನು ಇದ್ದ ಹಾಗೆಯೇ ಬಂದರು. ನನ್ನ ಬಾಯಿ ನೋಡಿದರು, ಅಣ್ಣನ ಮುಖಕ್ಕೆ ಗುದ್ದಿದರು. ಅಷ್ಟು ವರ್ಷ ನುಂಗಿಕೊಂಡದ್ದೆಲ್ಲ ಆ ಕೈಯಲ್ಲಿತ್ತು. ಭಾವನ ಮೂಗಿನಿಂದ ರಕ್ತ ಬಂತು. ಇಬ್ಬರೂ ಒಬ್ಬರ ಕೊರಳು ಒಬ್ಬರು ಹಿಡಿದು ತೋಡಿದ ಮಣ್ಣಿನ ಮೇಲೆ ಹೊರಳಿದರು. ಅತ್ತೆ ಬಾಗಿಲಲ್ಲಿ ನಿಂತು, "ನನ್ನ ಹೊಟ್ಟಿಗೆ ಬೆಂಕಿ ಬೀಳಲಿ" ಎಂದು ತಮ್ಮ ಹಣೆಯನ್ನೇ ಬಡಿದುಕೊಳ್ಳುತ್ತಿದ್ದರು. ಭಾವ ಒಮ್ಮೆ ಕಾಲಿನಿಂದ ಒದ್ದು ತಮ್ಮನನ್ನು ದೂಡಿದರು. ನನ್ನ ಗಂಡ ಹಿಂದಕ್ಕೆ ಹೋಗಿ ಗೋಡೆಗೆ ಒರಗಿಸಿದ್ದ ಪರ್ಸಿಯ ಅಂಚಿಗೆ ಬಿದ್ದರು. ಪಾಲಿಶ್ ಆದ ಕಲ್ಲಿನ ಅಂಚು ಕತ್ತಿಯ ಹಾಗಿರುತ್ತದೆ. ಕಿವಿಯ ಮೇಲಿನಿಂದ ಹಣೆಯವರೆಗೆ ತಲೆ ಸೀಳಿತು. ಸಾಬೂನಿನ ನೊರೆ ಕೆಂಪಾಗಿ ಹೆಗಲಿಗೆ ಇಳಿಯಿತು.

ಭಾವ ಆಗಲೂ ಮೇಲೆ ಬೀಳಲು ಹೋದರು. ಪಕ್ಕದ ಮನೆಯ ಬಡಗಿ ಗೋಡೆ ಹಾರಿ ಬಂದರು. ವಯಸ್ಸಾದ ಸಾಬರು, ಭಾವನನ್ನು ಚಿಕ್ಕವನಿದ್ದಾಗಿನಿಂದ ಕಂಡವರು. ಹಿಂದಿನಿಂದ ಎರಡೂ ತೋಳು ಕಟ್ಟಿ ಹಿಡಿದು, "ಸಾಕು ಬೇಟಾ, ಸಾಯ್ತಾನ ಅಂವ. ನಿನ್ನ ತಮ್ಮ ಇದ್ದಾನ," ಅಂದರು. ಆಗ ಭಾವ ನೆಲದ ಮೇಲಿನ ರಕ್ತ ನೋಡಿದರು. ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು.

ಸಾಬರ ಅಳಿಯನ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಸೀರೆಯ ಸೆರಗನ್ನು ಮುದ್ದೆ ಮಾಡಿ ತಲೆಗೆ ಒತ್ತಿ ಹಿಡಿದಿದ್ದೆ. ನಮ್ಮಿಬ್ಬರನ್ನೂ ನೋಡಿ ಡಾಕ್ಟರು, "ಯಾರು ಹೊಡದಾರ?" ಎಂದು ಕೇಳಿದರು.

"ಯಾರೂ ಇಲ್ರಿ. ಕಾಲು ಜಾರೇದ," ಅಂದರು ನನ್ನ ಗಂಡ.

"ಇಬ್ಬರ್ದೂ ಜಾರೇದೇನು?"

"ಹೌದ್ರಿ. ಇಬ್ಬರ್ದೂ."

ಹೊಲಿಗೆ ಹಾಕುವಾಗ ಅವರು ನನ್ನ ಕೈ ಹಿಡಿದಿದ್ದರು. ಮನೆಗೆ ಬಂದಾಗ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ತಗ್ಗಿನಲ್ಲಿ ಕೂತಿದ್ದರು. ಬಿಸಿಲಲ್ಲಿ, ನಾನು ಕೂತಿದ್ದ ಅದೇ ಬೇರಿನ ಮೇಲೆ. ಮದುವೆಯಾಗಿ ಬಂದಂದಿನಿಂದ ಗಂಡನಿಗೆ ಎದುರು ಮಾತಾಡದ ಹೆಂಗಸು. ಕೊಡಲಿ ಅವರ ಮಡಿಲಲ್ಲಿತ್ತು. ಭಾವ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

"ಇನ್ನೊಂದು ಏಟು ಇದಕ್ಕ ಬಿತ್ತಂದ್ರ," ಎಂದು ನೆಗೆಣ್ಣಿ ನಮ್ಮೆದುರೇ ಹೇಳಿದರು, "ಮಗಳ ಮದುವಿ ಅಕ್ಕಿಕಾಳಿಗೆ ನೀವ್ ಒಬ್ಬರೇ ನಿಂದ್ರಿ. ನಾ ಬರಂಗಿಲ್ಲ."

ಆ ವಾರ ಮನೆಯಲ್ಲಿ ಎರಡು ಒಲೆಗಳಾದವು. ನನ್ನ ಗಂಡ ಹಿಂದಿನ ಕೋಣೆಗೆ ನಮ್ಮ ಸಿಲಿಂಡರ್ ಸಾಗಿಸಿದರು. ಅಣ್ಣನ ಜೊತೆ ಮಾತು ಬಿಟ್ಟರು. ಬಾಯಿ ತೆರೆದರೆ ಮತ್ತೆ ಕೈ ಏಳುತ್ತದೆ ಎಂಬ ಭಯ ನನಗೂ ಇತ್ತು, ಹಾಗಾಗಿ ಬೇಡ ಅನ್ನಲಿಲ್ಲ.

ತಗ್ಗು ಬಾಯಿ ತೆರೆದುಕೊಂಡೇ ಇತ್ತು. ಬೇಸಿಗೆಯ ಗಾಳಿಗೆ ಬೇರುಗಳು ಒಣಗುತ್ತಿದ್ದವು. ನಾನು ಗೋಣಿಚೀಲ ನೆನೆಸಿ ಅವುಗಳ ಮೇಲೆ ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದೆ. ಒಂದು ಸಂಜೆ ಹಾಗೆ ಚಿಮುಕಿಸುವಾಗ ಭಾವ ಬಂದು ನಿಂತರು. ಮೂಗಿನ ಊತ ಇನ್ನೂ ಇಳಿದಿರಲಿಲ್ಲ.

"ನಿಮ್ಮ ತವರಾಗ ಏನಾಗಿತ್ತು?" ಎಂದು ಕೇಳಿದರು.

ಹೇಳಿದೆ. ಅಣಬೆ, ಹಿಟ್ಟು ಹತ್ತಿದ ಬೆರಳು, ಅಪ್ಪನ ಕಿವಿ, ಯಾವುದನ್ನೂ ಬಿಡಲಿಲ್ಲ. ಅವರು ಕೇಳುತ್ತ ನಿಂತರು. ಆಮೇಲೆ ನಾನೇ ಕೇಳಿದೆ, "ಭಾವಾ, ಖಣಿಯಾಗ ಪರ್ಸಿ ಎಬ್ಬಸಬೇಕಂದ್ರ ಮೊದಲ ಏನ್ ಮಾಡ್ತೀರಿ?"

"ಒಂದ್ ಬಾಜೂ ಬಿಡಸ್ತೀವಿ. ಆಮ್ಯಾಲ ಕಬ್ಬಣದ ಹಾರಿ ಹಾಕಿ ಎತ್ತತೀವಿ."

"ಗಾಳಿ ಹಾರಿ ಇದ್ದಂಗ ಅದ ಅಂತ ತಿಳೀರಿ."

ಅವರು ತಗ್ಗಿನ ಪಡುವಣ ಬದಿ ನೋಡಿದರು. ಆಮೇಲೆ ನಮ್ಮ ಮನೆಯ ಕಡೆ ನೋಡಿದರು. ಮರದಿಂದ ಮೂಡಣಕ್ಕೆ ಇರುವುದು ಅವರ ಮಗಳು ಮಲಗುವ ಕೋಣೆ.

"ಹಂಗಾದ್ರ ಹೆಂಗ ಮಾಡೂದು ಹೇಳು," ಅಂದರು.

ನಾವು ಮಾಡಿದ್ದು ಹೀಗೆ. ಸೀಳಿ ಜಜ್ಜಿಹೋಗಿದ್ದ ಬೇರಿನ ತುದಿಯನ್ನು ಸಾಬರ ಗರಗಸದಿಂದ ನಯವಾಗಿ ಕೊಯ್ದು, ಏನೂ ಬಳಿಯದೆ, ತೆಗೆದ ಮಣ್ಣನ್ನೇ ಮುಚ್ಚಿ ನೀರು ಬಿಟ್ಟೆವು. ಅಂಚನ್ನು ಬುಡದಿಂದ ದೂರಕ್ಕೆ, ಕೊಂಬೆಗಳ ನೆರಳು ಮುಗಿಯುವ ಕಡೆಗೆ ಒಯ್ದೆವು. ಅಂಗಳ ಅಷ್ಟು ದೊಡ್ಡದಲ್ಲ, ಆದ್ದರಿಂದ ಪೂರ್ತಿ ದುಂಡಗೆ ಆಗಲಿಲ್ಲ. ಹಾರೆ, ಗುದ್ದಲಿ ಮುಟ್ಟಲಿಲ್ಲ. ಹಿಂದಿನ ದಿನ ನೀರು ಬಿಟ್ಟು ನೆನೆಸಿ, ಕಳೆ ಕೀಳುವ ಖುರ್ಪಿಯಿಂದ ಮೇಲಿನ ಮಣ್ಣು ಬಿಡಿಸಿ, ಮಿಕ್ಕಿದ್ದನ್ನು ಬೆರಳಿನಿಂದ ಕೆದಕಿದೆವು. ಕಲ್ಲನ್ನು ನಿಲ್ಲಿಸದೆ ಮಲಗಿಸಿದೆವು, ಕೆಳಗೆ ತೆಳ್ಳಗೆ ಉಸುಕು. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಅಂಚೇ ಬಾಗಬೇಕು. ಬಾಗಲು ಜಾಗ ಇಲ್ಲದಲ್ಲಿ ಬೇರಿನ ಆಚೆ ಈಚೆ ಚಿಕ್ಕ ಕಲ್ಲಿಟ್ಟು ಮೇಲೆ ಪರ್ಸಿ ಹೊದಿಸಿ, ಬೇರು ಮುಂದೆಯೂ ದಪ್ಪವಾಗಲೆಂದು ನಡುವೆ ಸಂದು ಬಿಟ್ಟೆವು. ಬೊಡ್ಡೆಗೆ ಮಣ್ಣು ಏರಿಸಲಿಲ್ಲ.

ಭಾವನಿಗೆ ಇದು ಚಿತ್ರಹಿಂಸೆ. ಅಂಚು ಸೊಟ್ಟ ಆದಾಗಲೆಲ್ಲ ಅವರು ಬೈಯುತ್ತಿದ್ದರು. ಒಂದು ದಿನ ಮೂಲೆ ಕೂಡದ ಪರ್ಸಿಯನ್ನು ಎತ್ತಿ ನೆಲಕ್ಕೆ ಕುಕ್ಕಿ, ಸುತ್ತಿಗೆಯಿಂದ ಚೂರು ಚೂರು ಮಾಡಿದರು. ಚೂರೊಂದು ಸಿಡಿದು ಅವರದೇ ಹುಬ್ಬಿಗೆ ಬಿತ್ತು. ರಕ್ತ ಒರೆಸಿಕೊಂಡು ಮತ್ತೆ ಕೂತರು. ನಾನು ಪ್ರತಿ ಸಲವೂ ಅವರ ಕೈಗೆಟುಕದಷ್ಟು ದೂರ ಕೂರುತ್ತಿದ್ದೆ.

ನಮ್ಮ ಊರಿನ ನೆಲದಲ್ಲಿ ಮಣ್ಣು ಸ್ವಲ್ಪ, ಅದರ ಕೆಳಗೆ ಕಲ್ಲಿನ ಹಾಸು. ಬೇರಿಗೆ ಆಳಕ್ಕೆ ದಾರಿಯಿಲ್ಲ, ಅಗಲಕ್ಕೇ ಹೋಗಬೇಕು. ಒಂದು ಕಡೆ ಮಣ್ಣು ಕೆದಕಿದಾಗ ಕೈಬೆರಳಿನಷ್ಟಿದ್ದ ಬೇರೊಂದು ಎರಡು ಹಾಸುಗಳ ನಡುವಿನ ಸಂದಿಗೆ ನುಗ್ಗಿ, ಮೇಲಿನ ಕಲ್ಲನ್ನೇ ಎತ್ತಿ ಹಿಡಿದಿದ್ದು ಕಂಡಿತು. ಭಾವ ಅದರ ಮೇಲಿನ ಮಣ್ಣನ್ನು ಊದಿ ತೆಗೆದರು. "ಈ ಮಗಂದು ಸುತ್ತಿಗಿ ಇಲ್ದ ಎಬ್ಬಸೇದ," ಅಂದರು. ಅಂದು ಮತ್ತೆ ಬೈಯಲಿಲ್ಲ. ನನ್ನನ್ನು ಹೊಡೆದದ್ದಕ್ಕೆ ಅವರು ತಪ್ಪಾಯಿತು ಅನ್ನಲಿಲ್ಲ, ಆ ದಿನವೂ ಅನ್ನಲಿಲ್ಲ, ಆಮೇಲೆಯೂ ಅನ್ನಲಿಲ್ಲ. ನಾನೂ ಅದನ್ನು ಮರೆತಿಲ್ಲ.

ಚಿಂಚೋಳಿಯವರು ಬಂದರು. ಗಂಡಿನ ತಂದೆ ಅಂಗಳ ನೋಡಿ, "ಕಲ್ಲು ಹಿಂಗ್ಯಾಕ ಸೊಟ್ಟ ಕೂಡ್ಸೀರಿ?" ಎಂದು ಕೇಳಿದರು. "ಬೇರು ಸೊಟ್ಟ ಅದಾವ್ರಿ," ಅಂದರು ಭಾವ, ಅಷ್ಟೇ. ಸಂಬಂಧ ಕೂಡಿತು.

ಮರುವರ್ಷದ ಮೇ ತಿಂಗಳಲ್ಲಿ ಗಾಳಿ ಬಂತು. ಪಡುವಣ ಕಪ್ಪಾದದ್ದು ಕಂಡ ಕೂಡಲೇ ನಾನು ಅತ್ತೆಯನ್ನು ಹೊತ್ತಂತೆಯೇ ಹೊರಗೆ ತಂದೆ. ಎಲ್ಲರೂ ಸಾಬರ ಮನೆಯಲ್ಲಿ ಕೂತೆವು. ಅವರ ಕಿಟಕಿಯಿಂದ ಬೇವು ಕಾಣುತ್ತಿತ್ತು. ವಾಲುತ್ತಿತ್ತು, ನೆಟ್ಟಗಾಗುತ್ತಿತ್ತು, ಮತ್ತೆ ವಾಲುತ್ತಿತ್ತು. ಬೇರು ಕಡಿದಿದ್ದ ಬದಿಯ ಒಂದು ದೊಡ್ಡ ಕೊಂಬೆ ಒಣಗಿತ್ತು. ಅದು ಮುರಿದು ನೀರಿನ ಟಾಕಿಯ ಮೇಲೆ ಬಿದ್ದು ಟಾಕಿಯನ್ನು ಸೀಳಿತು. ನನ್ನ ಬಾಯಿಂದ ಯಾವ ಸದ್ದು ಬಂತೋ ತಿಳಿಯದು. ಸಾಬರ ಹೆಂಡತಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಕಿವಿ ಮುಚ್ಚಿದರು. ಮಳೆ ನಿಂತ ಮೇಲೆ ನೋಡಿದರೆ ಬುಡದ ನೆಲ ಎಲ್ಲಿಯೂ ಬಿರಿದಿರಲಿಲ್ಲ. ಅಂಚಿನ ಒಂದು ಕಲ್ಲೂ ಅಲುಗಿರಲಿಲ್ಲ.

ಕಳೆದ ವರ್ಷ ನಮ್ಮ ಓಣಿಯಲ್ಲಿ ನೀರಿನ ಪೈಪು ಹಾಕಲು ಮಂದಿ ಬಂದರು. ಅಗೆಯುವ ಯಂತ್ರ ಬೇವಿನ ಬೇರು ಹಬ್ಬಿದ್ದ ನಮ್ಮ ಅಂಗಳದ ಮೂಲೆಗೆ ಹಲ್ಲು ಹಾಕಿತು. ಭಾವ ಊಟದ ತಟ್ಟೆ ಬಿಟ್ಟು ಎದ್ದು, ಹಾರೆ ಹಿಡಿದು ಓಡಿದರು. ಯಂತ್ರದ ಗಾಜು ಒಡೆದರು. ಕೆಳಗಿಳಿದ ಮೇಸ್ತ್ರಿಯ ಅಂಗಿ ಹಿಡಿದು ಎರಡು ಬಾರಿಸಿದರು. ಅವನ ಜೊತೆಯವರು ಭಾವನನ್ನು ಕೆಡವಿ ಒದೆಯತೊಡಗಿದರು. ನಾನು ಚೀರಿದೆ. ನನ್ನ ಗಂಡ ಹಿಂದಿನ ಕೋಣೆಯಿಂದ ಬಂದು ಅವರ ನಡುವೆ ನುಗ್ಗಿ, ಅಣ್ಣನ ಮೇಲೆ ಬೀಳುವ ಒದೆಗಳನ್ನು ತಮ್ಮ ಬೆನ್ನಿಗೆ ತೆಗೆದುಕೊಂಡರು. ಪೊಲೀಸರು ಬಂದು ಎಲ್ಲರನ್ನೂ ಠಾಣೆಗೆ ಒಯ್ದರು. ಗಾಜು ಹಾಕಿಸಿಕೊಡುವುದಾಗಿ ಒಪ್ಪಿಕೊಂಡ ಮೇಲೆ ಬಿಟ್ಟರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಯಂತ್ರ ಬಿಟ್ಟು ಬಂದ. "ನೀವೇ ತೋಡ್ಕೊಡ್ರಿ, ನಾವು ಪೈಪ್ ತೂರಸ್ತೀವಿ," ಅಂದ. ಅಣ್ಣ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ಬೇರಿನ ಅಡಿಯ ಮಣ್ಣನ್ನು ಕೈಯಿಂದಲೇ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಪೈಪು ಬೇರಿನ ಕೆಳಗೆ ಹಾದು ಆಚೆ ಬಂತು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಕೈಕಾಲು ತೊಳೆದುಕೊಂಡು ಒಬ್ಬರು ಮುಂದಿನ ಬಾಗಿಲಿನಿಂದ, ಒಬ್ಬರು ಹಿಂದಿನ ಬಾಗಿಲಿನಿಂದ ಒಳಗೆ ಹೋದರು.